ಬೀಗರ ಸಾಮ್ರಾಜ್ಯಕ್ಕೆ ಬಹುಮತ

ಟೈಲರ್ ಮಾಸ್ತರರು ಇಲ್ಲದ ದೇಶಗಳ ನಕ್ಷೆ ಬರೆಯುತ್ತಾರೆಂಬುದು ಅವರ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ, "ಅದಕ್ಕೇ ನೋಡಿ ನಮ್ಮ ಪ್ಯಾಂಟು ಹೇಳಿದ ದಿನಕ್ಕೆ ಸಿಗಲ್ಲ" ಎಂದು ಮುಗಿಬೀಳುತ್ತಿದ್ದರು. ಮಧ್ಯಾಹ್ನ ಅಂಗಡಿ ಬಾಗಿಲನ್ನು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಂದು ಕಾಗದ ಹಾಸಿ, ಬೆಟ್ಟ, ಬಂದರು, ರಾಕ್ಷಸರ ಕೋಟೆ ಎಲ್ಲ ಬರೆಯುತ್ತಿದ್ದರು. ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ? ಕಡಲತೀರವೆಲ್ಲ ಶರ್ಟಿನ ಕಂಕುಳ ತಿರುವಿನಂತೆ ಬರುತ್ತಿತ್ತು. ಪ್ರತಿ ದೇಶದ ಗಡಿಯ ಒಳಗೂ ಒಂದಿಂಚು ಬಿಟ್ಟು ಚುಕ್ಕಿಗೆರೆ ಬೇರೆ. ಯಾಕೆಂದು ಚಿಕ್ಕ ಮಗಳು ಕೇಳಿದರೆ, "ನಾಳೆ ದೇಶ ದಪ್ಪ ಆದ್ರೆ ಬಿಚ್ಚಿಕೊಳ್ಳೋಕೆ ಬೇಡ್ವಾ?" ಎಂದರು.

ಆ ನಕ್ಷೆಗಳ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದವಳು ಆ ಮಗಳೇ. ನೋಡನೋಡುತ್ತ, ಮನೆಯವರೂ ಸೇರಿ, ನಲವತ್ತಮೂರು ಜನ ಬೆಂಬಲಿಗರಾದರು. ರಾಕ್ಷಸರು ಕುಡಿಯುವ ನೀರಿಗೆ ಎಲ್ಲಿ ಹೋಗುತ್ತಾರೆಂದು ಸಂದೇಶ ಕಳಿಸಿ ಕೇಳುವ ಪುಣ್ಯಾತ್ಮರು.

ಮಾಸ್ತರರ ಮನಸ್ಸಿನಲ್ಲಿ ಒಂದು ದ್ವೀಪವಿತ್ತು. ಮದುವೆಗೂ ಮುಂಚಿನದು. ಮಂಜಿನ ಹಿಂದೆ, ಏಳು ಕೆರೆಗಳ, ಒಂದು ದೋಣಿಯೂ ಹೋಗದ ದ್ವೀಪ. ಮೆಷಿನ್ ತುಳಿಯುತ್ತಲೇ ಅದರ ಒಂದೊಂದು ಕಾಲುದಾರಿಯನ್ನೂ ನಡೆದು ಬಂದಿದ್ದರು. ಈ ಸಲ ಅದನ್ನೇ ಬರೆಯಬೇಕೆಂದು ಆಸೆಯಿಂದ ಕಾಗದ ಹಾಸಿದರು. ಆದರೆ ಗಿರಾಕಿಯನ್ನು ಕೇಳದೆ ಕತ್ತರಿ ಮುಟ್ಟಿದ ಕೈಯಲ್ಲ ಅದು, ಏಳಲೇ ಇಲ್ಲ.

"ಬೆಂಬಲಿಗರನ್ನ ಒಂದು ಮಾತು ಕೇಳಿಬಿಡೋಣ" ಎಂದರು.

"ನಿಮ್ಮ ನಕ್ಷೆ ಅಪ್ಪಾ, ಅವರನ್ನ ಯಾಕೆ ಕೇಳ್ಬೇಕು?"

"ಕೇಳಿದ್ರೆ ನಮ್ಮ ಗಂಟೇನು ಹೋಗುತ್ತೆ? ಹೇಗೂ ನಂದೇ ಗೆಲ್ಲುತ್ತೆ."

ಇಂಟರ್ನೆಟ್ಟಿನಲ್ಲೇ ಓಟು ಹಾಕಿಸುವುದೆಂದಾಯಿತು. ಚುನಾವಣೆಗೆ ಎದುರಾಳಿ ಬೇಕಲ್ಲ. ಹಿಂದಿನ ವಾರವಷ್ಟೇ ದೊಡ್ಡ ಮಗಳ ಅತ್ತೆಮಾವ ಬಂದು, ಸೋಫಾ ಗಟ್ಟಿ, ಫ್ಯಾನು ಗದ್ದಲ ಎಂದು ಹೇಳಿ ಹೋಗಿದ್ದ ಸಿಟ್ಟು ಮಾಸ್ತರರಲ್ಲಿ ಇನ್ನೂ ಆರಿರಲಿಲ್ಲ. "ಬೀಗರ ಸಾಮ್ರಾಜ್ಯ ಅಂತ ಹಾಕು. ಮುನಿಸಿನ ಕೊಲ್ಲಿ, ಕೊಂಕುಮಾತಿನ ಕಣಿವೆ ಎಲ್ಲ ಇರುತ್ತೆ ಅನ್ನು. ಯಾರು ಕೇಳ್ತಾರೆ ಅದನ್ನ?"

ಮೂರು ದಿನಕ್ಕೆ ಫಲಿತಾಂಶ ಬಂತು. ಬೀಗರಿಗೆ ನಲವತ್ತೆರಡು. ದ್ವೀಪಕ್ಕೆ ಒಂದು. ಒಬ್ಬ ಬೆಂಬಲಿಗನಂತೂ, "ಬೀಗಿತ್ತಿಯ ಅರಮನೆಯಿಂದ ಅಳಿಯ ತಪ್ಪಿಸಿಕೊಳ್ಳಲು ಸುರಂಗ ಕಡ್ಡಾಯ" ಎಂದು ಬರೆದಿದ್ದ.

ಆ ಒಂದು ಓಟು ಮಾಸ್ತರರ ಜೀವ ಹಿಡಿದಿತ್ತು. ಊಟಕ್ಕೆ ಕೂತಾಗ ಹೆಂಡತಿಯತ್ತ ಮೆತ್ತಗೆ ನೋಡಿ, "ನಿಂದೇ ಅಲ್ವಾ?" ಎಂದರು.

"ನಾನು ಬೀಗರಿಗೇ ಒತ್ತಿದೆ. ಆ ಸೋಫಾ ಆರಿಸಿದವಳು ನಾನು!"

ಮಾಸ್ತರರು ಮಗಳ ಕಡೆ ತಿರುಗಿದರು.

"ನನ್ನ ಫೋನಿಂದ್ಲೇ ಬಿದ್ದಿದ್ದು. ಆದ್ರೆ ಸರಿಯಾಗಿ ಕೆಲಸ ಮಾಡುತ್ತಾ ನೋಡ್ತೀನಿ ಅಂತ ಒತ್ತಿದ್ದು ನೀವೇ ಅಪ್ಪಾ. ಇಲ್ಲಾಂದ್ರೆ ನಾನೂ ಬೀಗರಿಗೇ ಹಾಕ್ತಿದ್ದೆ."

ಮಾಸ್ತರರಿಗೆ ನಿಜಕ್ಕೂ ನೋವಾಯಿತು. ಇಡೀ ಆಯಸ್ಸು ಇನ್ನೊಬ್ಬರು ಹೇಳಿದ ಕಾಲರು, ಇನ್ನೊಬ್ಬರು ಹೇಳಿದ ಜೇಬು. ತಮ್ಮದೆಂದು ಇದ್ದದ್ದು ಒಂದೇ, ಅದನ್ನೂ ತಾವೇ ಒಯ್ದು ಗಿರಾಕಿಯ ಮುಂದೆ ಹಾಸಿದ್ದರು.

ಮರುದಿನ ಮಧ್ಯಾಹ್ನ ಹೆಂಡತಿ ಬುತ್ತಿ ತಂದಾಗ ಮುನಿಸಿನ ಕೊಲ್ಲಿ ಅರ್ಧ ಆಗಿತ್ತು. ಬರೆಯುತ್ತಿದ್ದವರ ಮುಖವೇ ಅದಕ್ಕೆ ಮಾದರಿಯಂತಿತ್ತು.

"ಇಷ್ಟ ಇಲ್ಲದಿದ್ರೆ ಬಿಡಿ."

"ಗಿರಾಕಿ ಹೇಳಿದ್ದನ್ನ ಬಿಡೋಕಾಗುತ್ತಾ?"

ಆಕೆ ಬುತ್ತಿಯನ್ನು ಕೆಳಗಿಟ್ಟು ಅವರ ತೋಳು ಹಿಡಿದೆಳೆದಳು. "ಈ ಶರ್ಟು ಯಾರದು?"

"ಪೋಸ್ಟ್‌ಮ್ಯಾನ್‌ದು. ಎರಡು ವರ್ಷ ಆಯ್ತು, ತಗೊಂಡು ಹೋಗ್ಲಿಲ್ಲ."

"ಪ್ಯಾಂಟು?"

"ಡಾಕ್ಟರ್‌ದು. ದಪ್ಪ ಆಗ್ಬಿಟ್ರು."

"ಮೂವತ್ತು ವರ್ಷದಲ್ಲಿ ಆ ಅಳತೆ ಪುಸ್ತಕದಲ್ಲಿ ನಿಮ್ಮ ಅಳತೆ ಒಂದ್ಸಲನಾದ್ರೂ ಬರ್ಕೊಂಡಿದ್ದೀರಾ?"

ಮಾಸ್ತರರು ಬೀಗರ ಸಾಮ್ರಾಜ್ಯವನ್ನು ನಿಧಾನವಾಗಿ ಸುತ್ತಿ, ಆಲ್ಟರೇಷನ್ ಬಟ್ಟೆಗಳ ಗಂಟಿನ ಕೆಳಗೆ ತಳ್ಳಿದರು. ಹೊಸ ಕಾಗದ ಹಾಸಿದರು.

ಸಂಜೆ ಬೆಂಬಲಿಗರಿಗೆಲ್ಲ ಮಗಳ ಕೈಯಲ್ಲಿ ಬರೆಸಿದ ಸೂಚನೆ ಹೋಯಿತು: "ನಿಮ್ಮ ಸಾಮ್ರಾಜ್ಯ ಒಂದು ತಿಂಗಳು ತಡವಾಗುತ್ತದೆ, ಬೈಯಬೇಡಿ. ಹಳೆಯ ಗಿರಾಕಿಯೊಬ್ಬರ ಕೆಲಸ ಮೂವತ್ತು ವರ್ಷದಿಂದ ಹಾಗೇ ಉಳಿದುಬಿಟ್ಟಿದೆ. ಪಾಪ, ಅವರು ಒಂದು ದಿನವೂ ಬಂದು ಕೇಳಲಿಲ್ಲ."