ಎಳೆಬಿಸಿಲಿನ ನಲವತ್ತು ದಿನ

ಮಗಳು ಹುಟ್ಟಿದ್ದು ದಡ್ಡಿ ಎಂಬ ಊರಿನ ನನ್ನ ತವರಿನಲ್ಲಿ. ದಿನಾ ಬೆಳಿಗ್ಗೆ ಮೈಗೆ ಎಣ್ಣೆ ತಿಕ್ಕಿ, ಮೊರದಲ್ಲಿ ಹಳೆ ಸೀರೆ ಹಾಸಿ ಮಲಗಿಸಿ, ಅಂಗಳದ ಎಳೆಬಿಸಿಲಿಗೆ ಇಡುತ್ತಿದ್ದೆ. ಕೂಸು ಕಿರುಚಿ ಕಿರುಚಿ ಅಳುತ್ತಿತ್ತು. ಮುಖಕ್ಕೇರಿದ ಕೆಂಪು ಮರುದಿನ ಬೆಳಗಾದರೂ ಇಳಿಯುತ್ತಿರಲಿಲ್ಲ. ನನಗೆ ಸಂಶಯ ಬಂದಿತ್ತು. ಆದರೆ ಅವ್ವ, "ಎಳಿ ಬಿಸಲ ತಾಕಿದ್ರ ಎಲುಬು ಗಟ್ಟಿ ಆಗ್ತಾವು. ಕೂಸು ಅಂದಮ್ಯಾಲ ಅಳಲಾರದ ಏನ ಮಾಡ್ತೈತಿ?" ಅಂದಳು. ನಾನೂ ಹಟದವಳೇ. ಬಾಣಂತನದಲ್ಲಿ ಏನೂ ಕಡಿಮೆ ಮಾಡಲಿಲ್ಲ ಎಂದು ಓಣಿಯವರಿಂದ ಅನ್ನಿಸಿಕೊಳ್ಳಬೇಕಿತ್ತು. ನಲವತ್ತು ದಿನ ಒಂದೂ ತಪ್ಪಿಸಲಿಲ್ಲ.

ಎರಡು ವರ್ಷಕ್ಕೆ ಮುಖದ ತುಂಬ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳೆದ್ದವು. ದೃಷ್ಟಿಯಾಗಿದೆ ಎಂದು ನಿವಾಳಿಸಿದ್ದೇ ನಿವಾಳಿಸಿದ್ದು. ಕೊನೆಗೆ ತೋರಿಸಿದ ಬೆಳಗಾವಿಯ ಚರ್ಮದ ಡಾಕ್ಟರು ಮೊದಲು ಕೇಳಿದ್ದು, "ಗಂಡ ಸಂಬಂಧದಾಗ ಏನಾಗಬೇಕ್ರಿ?"

"ಅವ್ವನ ತಮ್ಮ ರೀ," ಎಂದೆ.

ಇಬ್ಬರಲ್ಲೂ ಅಡಗಿದ್ದ ದೋಷ ಮಗುವಿನಲ್ಲಿ ಕೂಡಿದೆ ಎಂದರು. ಬಿಸಿಲು ಮಾಡಿದ ಹಾನಿಯನ್ನು ಈ ಚರ್ಮ ತಾನಾಗಿ ಸರಿಮಾಡಿಕೊಳ್ಳಲಾರದು. ಬಿದ್ದ ಪೆಟ್ಟೆಲ್ಲ ಒಳಗೇ ಉಳಿಯುತ್ತದೆ, ಮುಂದೆ ಕ್ಯಾನ್ಸರ್ ಆಗಬಹುದು.

ಅಂದಿನಿಂದ ಧುಪದಾಳದ ನಮ್ಮ ಮನೆಯ ಕಿಟಕಿಗಳಿಗೆ ಚಾದರ. ಈಗ ಅವಳಿಗೆ ಹನ್ನೊಂದು. ಹೋದ ವರ್ಷ ಮೂಗಿನ ಮೇಲೆದ್ದ ಗಂಟು ಕ್ಯಾನ್ಸರೇ ಆಗಿತ್ತು. ಬೇಗ ಕಂಡಿದ್ದರಿಂದ ಪೂರಾ ತೆಗೆದರು. "ಹೊಸಾದು ಕಂಡ್ರ ಒಂದ ದಿನಾನೂ ತಡಾ ಮಾಡಬ್ಯಾಡ್ರಿ," ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು.

ಪ್ರತಿ ಸಂಜೆ ಅವಳ ಮುಖ, ಕತ್ತು, ಕೈ ನೋಡುತ್ತೇನೆ. ನೋಡುವಾಗೆಲ್ಲ ಆ ಮೊರ ಕಣ್ಣಿಗೆ ಕಟ್ಟುತ್ತದೆ, ಆ ಕಿರುಚಾಟ ಕಿವಿಗೆ ಬರುತ್ತದೆ. "ನಾನ ಸುಟ್ಟೆ ನಿನ್ನ," ಎಂದು ಅತ್ತುಬಿಡುತ್ತೇನೆ. ಅತ್ತರೆ ಎದೆ ಹಗುರಾಗುತ್ತದೆ ಎನ್ನುವುದು ಶುದ್ಧ ಸುಳ್ಳು.

ಕೆಲವು ತಿಂಗಳಿಂದ ತಲೆಯನ್ನು ತಾನೇ ಬಾಚಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಳು. ದೊಡ್ಡವಳಾಗುತ್ತಿದ್ದಾಳೆ ಎಂದು ನಾನು ಖುಷಿಪಟ್ಟಿದ್ದೆ. ನಿನ್ನೆ ಸಿಕ್ಕು ಬಿಡಿಸಲಾಗದೆ ಬಾಚಣಿಗೆ ನನ್ನ ಕೈಗೆ ಬಂತು. ಕೂದಲೆತ್ತಿದರೆ, ಕಿವಿಯ ಹಿಂದೆ ಕಡಲೆಯಷ್ಟು ಗಂಟು, ನಡುವೆ ಹುಣ್ಣು. ಮೇಲೆ ಪೌಡರ್ ಮೆತ್ತಿದ್ದಳು.

"ಯಾವಾಗಿಂದ ಐತಿ ಇದು?"

"ದೀಪಾವಳಿಗಿಂತ ಮೊದಲ ಬಂದೈತಿ."

ದೀಪಾವಳಿ ಮುಗಿದು ನಾಲ್ಕು ತಿಂಗಳಾಗಿತ್ತು.

"ಯಾಕ ಹೇಳಲಿಲ್ಲ ನನಗ?"

ಅವಳು ತಿರುಗಿ ನೋಡಲಿಲ್ಲ.

"ಹೇಳಿದ್ರ ನೀ ಮತ್ತ ಅಳತಿದ್ದಿ, ಅವ್ವಾ."