ಸೇತುವೆಯ ಮೇಲಿನ ಸೀಟಿ

ಕೊಳ್ಳುವವನ ಕಣ್ಣು ನೋಡಿ ಬೆಲೆ ಹೇಳಬೇಕು, ಮಾರುವವನ ಕೈ ನೋಡಿ ಬೆಲೆ ಕೇಳಬೇಕು. ಧಾರವಾಡದಲ್ಲಿ ಸ್ಟೀಲ್ ಪಾತ್ರೆ ಮಾರುತ್ತ ಕಲಿತ ಈ ಪಾಠವೇ ನನ್ನನ್ನು ವಿಲಾಯತಿಯ ಸ್ಟ್ಯಾನ್ಮೋರ್‌ವರೆಗೆ ತಂದಿದೆ. ಅದಕ್ಕೇ ಎದುರುಮನೆಯ ವೇಲ್ಸ್ ಮುದುಕ ನನ್ನನ್ನು ಚೌಕಾಸಿಗೆ ಕರೆದದ್ದು. ಅವನ ಜೊತೆಗಿದ್ದ ಮಗಳು ಅಟ್ಟ ಖಾಲಿ ಮಾಡಿಸುತ್ತಿದ್ದಳು. ತನ್ನ ಅಜ್ಜನ ಪೊಲೀಸ್ ಸೀಟಿಯೂ ಮನೆಯಿಂದ ಹೋದರೆ ಸಾಕೆಂದು ಹಳೆ ಸಾಮಾನಿನ ವ್ಯಾಪಾರಿಯನ್ನು ಬರಹೇಳಿ, ಕೆಲಸಕ್ಕೆ ಹೋಗಿದ್ದಳು.

ಮೊದಲು ಸರಕಿನ ಕುಲಗೋತ್ರ ವಿಚಾರಿಸಿದೆ. ಅದು ಮುದುಕನ ಅಪ್ಪನದು. ಆತ ವೇಲ್ಸಿನಲ್ಲಿ, ಗುಡ್ಡ ಮತ್ತು ಕುರಿ ಬಿಟ್ಟರೆ ಹೆಚ್ಚೇನೂ ಇಲ್ಲದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಹಳ್ಳಿ ಪೊಲೀಸ. ಮನೆಯೇ ಠಾಣೆ. ಅವನು ಸೈಕಲ್ ಹತ್ತಿದರೆ ದೂರು ಕೇಳುವವಳು ಹೆಂಡತಿ, ಸಂಬಳವಿಲ್ಲದೆ. ಆಗ ಅಲ್ಲಿ ದೇವರ ದಿನವೆಂದು ಭಾನುವಾರ ಪಬ್ ತೆರೆಯುವಂತಿರಲಿಲ್ಲ. ಮುಂಬಾಗಿಲು ಮುಚ್ಚುತ್ತಿದ್ದರು, ಹಿಂಬಾಗಿಲ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಪೊಲೀಸ ಸೇತುವೆಯ ಮೇಲೆ ನಿಂತು ಜೋರಾಗಿ ಸೀಟಿ ಊದಿ, ಸೈಕಲ್ ತಳ್ಳಿಕೊಂಡು ನಿಧಾನವಾಗಿ ಬರುತ್ತಿದ್ದನಂತೆ. ಅವನು ಪಬ್ಬಿನೊಳಗೆ ಕಾಲಿಡುವಾಗ ಊರ ಗಂಡಸರೆಲ್ಲ ಕಣ್ಣು ಮುಚ್ಚಿ ದೇವರ ಹಾಡು ಹೇಳುತ್ತಿದ್ದರಂತೆ. ಮುಂದೆ ಆ ಕೌಂಟಿಯ ಪುಟ್ಟ ಪೊಲೀಸ್ ಪಡೆಯನ್ನು ಅಕ್ಕಪಕ್ಕದ ಕೌಂಟಿಗಳ ಪಡೆಗಳ ಜೊತೆ ಸೇರಿಸಿದರು. ಕಾರು ಬಂತು, ವೈರ್‌ಲೆಸ್ ಬಂತು. ಕಾರಿನವನಿಗೆ ಸೇತುವೆಯ ಮೇಲೆ ನಿಲ್ಲುವ ಪುರುಸೊತ್ತೆಲ್ಲಿ?

ವ್ಯಾಪಾರಿ ಬಂದು ಸೀಟಿಯ ಮೇಲೆ ಕೊರೆದ ಹೆಸರು ಓದಿದ. ಈ ಪಡೆಯೇ ಈಗಿಲ್ಲ, ಯಾರಿಗೆ ಬೇಕು ಎಂದ. ಇಲ್ಲದ ಪಡೆಯ ಇನ್ನೊಂದು ಸೀಟಿ ಎಲ್ಲಿ ಮಾಡಿಸುತ್ತೀರಿ ಎಂದೆ. ಹೊಳಪು ಹೋಗಿದೆ ಎಂದ. ಕೆಲಸ ಮಾಡಿದ್ದಕ್ಕೇ ಹೋಗಿದ್ದು ಎಂದೆ. ಬೆಲೆ ಏರಿತು. ಮುದುಕನ ಕಡೆ ತಿರುಗಿದೆ. ಸೀಟಿ ವ್ಯಾಪಾರಿಯ ಕೈಯಲ್ಲಿತ್ತು, ಅದರ ಸರಪಳಿಯ ತುದಿ ಮಾತ್ರ ಇವನ ಬೆರಳಿಗೆ ಸುತ್ತಿಕೊಂಡೇ ಇತ್ತು. ಮನಸ್ಸಿಲ್ಲದವನ ಸರಕನ್ನು ಎಂದೂ ಮಾರಿಸಬೇಡಿ. ಪಾಪ ಅಂತಲ್ಲ, ಮರುದಿನ ವಾಪಸ್ ಕೇಳುತ್ತಾನೆ. ನಾಚಿಕೆ ಬಿಟ್ಟು ಮೂರು ಪಟ್ಟು ಕೇಳಿದೆ. ವ್ಯಾಪಾರಿ ಕೋಟು ಎತ್ತಿಕೊಂಡು ಹೊರಟ.

ಮಗಳಿಗೇನು ಹೇಳಲಿ ಎಂದು ಮುದುಕ ಕಂಗಾಲಾದ. ಎದುರುಮನೆಯವನೇ ಕೊಂಡ ಎನ್ನು ಎಂದೆ. ಬೆಲೆಯನ್ನೂ ಕುದುರಿಸಿದೆವು, ದುಡ್ಡಿನಲ್ಲಲ್ಲ, ಕೆಲಸದಲ್ಲಿ. ಮಧ್ಯಾಹ್ನ ಒಂದು ಗುಟುಕು ಶೆರ್ರಿ ವೈನ್ ಅವನಿಗೆ ಬೇಕು, ಮಗಳಿಗೆ ಆಗದು. ಅವಳ ಕಾರು ತಿರುವಿನಲ್ಲಿ ಕಂಡ ಕೂಡಲೇ ನಮ್ಮ ಮಹಡಿಯ ಕಿಟಕಿಯಿಂದ ನಾನು ಸೀಟಿ ಊದಬೇಕು.

"ಅಕಿಗೆ ಗೊತ್ತಾದ್ರ ಮೊದಲ ನಿಮ್ಮನ್ನ ಹಿಡಕೊಂಡ ಹೋಗ್ತಾರ ನೋಡ್ರಿ," ಎಂದಳು ನನ್ನ ಹೆಂಡತಿ.

"ಈ ಸೀಟಿ ಪೊಲೀಸ್ರ ಈಗ ಇಲ್ಲಲ್ಲ," ಎಂದೆ.

ಮೊನ್ನೆ ಕಾರು ಕಂಡಿತು, ಊದಿದೆ. ಮಗಳು ಬೀಗ ತೆಗೆಯುವಷ್ಟರಲ್ಲಿ ಒಳಗಿಂದ ವೇಲ್ಸ್ ಭಾಷೆಯ ದೇವರ ಹಾಡು ಬೀದಿಗೆಲ್ಲ ಕೇಳುತ್ತಿತ್ತು.