ಕನ್ನಡಿಯಣ್ಣನ ಹನ್ನೊಂದು ಕಿಲೋಮೀಟರು

ಅವರ ನಿಜವಾದ ಹೆಸರು ಬಸ್ ಡಿಪೋದ ಹಾಜರಿ ಪುಸ್ತಕಕ್ಕೆ ಮಾತ್ರ ನೆನಪಿತ್ತು. ಉಳಿದವರಿಗೆಲ್ಲ ಅವರು ಕನ್ನಡಿಯಣ್ಣ. ಹದಿನೇಳನೇ ನಂಬರಿನ ಬಸ್ಸು ಓಡಿಸುವ ಈ ಚಾಲಕರು ಮುಂದಿನ ರಸ್ತೆಗಿಂತ ಬದಿಯ ಕನ್ನಡಿಯನ್ನೇ ಹೆಚ್ಚು ನೋಡುತ್ತಾರೆಂದು ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಇಪ್ಪತ್ತು ವರ್ಷಗಳಲ್ಲಿ ಅವರ ಬಸ್ಸು ಒಂದು ಕೋಳಿಗೂ ತಾಗಿರಲಿಲ್ಲ. ಅದಕ್ಕಾಗಿ ಡಿಪೋ ಪ್ರಶಸ್ತಿಪತ್ರ ಕೊಟ್ಟು ಚಪ್ಪಾಳೆ ತಟ್ಟಿತು. ತಾವು ಒಂದು ಕಾಯಿಲೆಯನ್ನೂ ಸೇರಿಸಿ ಸನ್ಮಾನಿಸುತ್ತಿದ್ದೇವೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಪ್ರಶಸ್ತಿಗೆ ಮೂರು ವರ್ಷ ಮೊದಲು, ಒಂದು ಬೆಳಿಗ್ಗೆ, ಹಿಂದಿನ ಚಕ್ರ ಗುಂಡಿಗೆ ಇಳಿದು ಬಸ್ಸು ಕುಲುಕಿತು. ಗುಂಡಿಯೋ, ಮನುಷ್ಯನೋ? ಗುಂಡಿ ಎಂದು ಕಣ್ಣು ಹೇಳಿತು; ಎದೆ ಒಪ್ಪಲಿಲ್ಲ. ಪಾಳಿ ಮುಗಿದ ಮೇಲೆ ನಡೆದುಹೋಗಿ ನೋಡಿದರು. ಗುಂಡಿಯೇ. ಸಮಾಧಾನವಾಯಿತು, ಎಡವಟ್ಟಾದದ್ದೂ ಅಲ್ಲಿಯೇ. ಮರುದಿನ ಇನ್ನೊಂದು ಗುಂಡಿಗೂ ಅದೇ ಸಮಾಧಾನ ಬೇಕಾಯಿತು. ಬರಬರುತ್ತಾ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ, ಹನ್ನೊಂದು ಕಿಲೋಮೀಟರಿನ ಇಡೀ ಮಾರ್ಗವನ್ನು ಕಾಲ್ನಡಿಗೆಯಲ್ಲಿ ತಪಾಸಣೆ ಮಾಡಿ, ಸಂಜೆ ಆರಕ್ಕೆ ಮನೆ ಸೇರುವುದು ರೂಢಿಯಾಯಿತು.

ಹೆಂಡತಿಗೆ ಗುಂಡಿಗಳ ವಿಷಯ ತಿಳಿದಿರಲಿಲ್ಲ. ಕಾಣೆಯಾಗುವ ನಾಲ್ಕು ಗಂಟೆಗಳ ವಿಷಯ ಚೆನ್ನಾಗಿ ತಿಳಿದಿತ್ತು. ಅದಕ್ಕೆ ಲೋಕವೆಲ್ಲ ಕೊಡುವ ಅರ್ಥವನ್ನೇ ಆಕೆಯೂ ಕೊಟ್ಟರು. ದರ್ಜಿ ಕೆಲಸದ ತಮ್ಮನನ್ನು ಒಂದು ಮಧ್ಯಾಹ್ನ ಗಂಡನ ಹಿಂದೆ ಬಿಟ್ಟರು.

“ಯಾರೋ ಅವಳು?” ತಮ್ಮ ಮರಳಿ ಬಂದಾಗ ಬಾಗಿಲಲ್ಲೇ ಕೇಳಿದರು.

“ಅಕ್ಕಾ, ಅವಳೂ ಇಲ್ಲ, ಇವಳೂ ಇಲ್ಲ. ಹಂಪು.”

“ಏನಂದೆ?”

“ರೋಡ್ ಹಂಪು! ಭಾವ ಒಂದೊಂದು ಹಂಪಿನ ಹತ್ರಾನೂ ಬಗ್ಗಿ ನೋಡ್ತಾರೆ. ಚರಂಡಿ ಇಣುಕ್ತಾರೆ. ಒಂದು ಕಡೆ ಗೋಣಿಚೀಲ ಬಿದ್ದಿತ್ತು. ತಿರುವಿ ನೋಡಿ ಕಣ್ಣೊರೆಸ್ಕೊಂಡ್ರು ಕಣೇ.”

“ಇನ್ನೊಬ್ಬಳಿದ್ದಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ. ಹಂಪಿನ ಜುಟ್ಟು ಎಲ್ಲಿ ಹಿಡೀಲಿ!”

ಆ ಸಂಜೆ ಗಂಡ ಎಲ್ಲವನ್ನೂ ಹೇಳಿಕೊಂಡರು. ಅಂದಿನಿಂದ ತಪಾಸಣೆಗೆ ಮನೆಯಲ್ಲೊಂದು ಶಾಖೆ ತೆರೆಯಿತು. “ಯಾರಿಗೂ ಏನೂ ಆಗಿಲ್ಲ ಅಲ್ವಾ?” ಎಂದು ಅವರು ಕೇಳುವುದು, “ಇಲ್ಲ ರೀ” ಎಂದು ಈಕೆ ಹೇಳುವುದು. ಮೊದಲು ದಿನಕ್ಕೊಂದು ಸಲ. ಕ್ರಮೇಣ ತುತ್ತಿಗೊಂದು ಸಲ. ಪ್ರಶಸ್ತಿಪತ್ರ ಬಂದ ಮೇಲೆ ಅದರ ನಕಲೊಂದು ಅಂಗಿಯ ಜೇಬು ಸೇರಿತು. ಪ್ರತಿ ಟ್ರಿಪ್ಪಿನ ಕೊನೆಯಲ್ಲಿ ಅದನ್ನು ಓದಿ, ತಾನು ಯಾರನ್ನೂ ಕೊಂದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅದೂ ಸಾಲದೆ ನಡುದಾರಿಯಲ್ಲೇ ಬಸ್ಸು ನಿಲ್ಲಿಸಿ, ಇಳಿದು, ಚಕ್ರದಡಿ ಇಣುಕತೊಡಗಿದರು. ಪ್ರಯಾಣಿಕರ ದೂರುಗಳು ಬಂದವು.

ಡಿಪೋ ಮ್ಯಾನೇಜರ್ ಕರೆಸಿದರು. “ಪ್ರಶಸ್ತಿ ಕೊಟ್ಟ ಕೈಯಲ್ಲೇ ನೋಟಿಸ್ ಕೊಡಿಸ್ಕೋಬೇಡಿ, ಕನ್ನಡಿಯಣ್ಣ. ಮೂರು ತಿಂಗಳು ಟೈಮು. ಆಮೇಲೂ ಹೀಗೇ ಆದ್ರೆ ಟೈರ್ ಸ್ಟೋರು.”

ಟೈರ್ ಸ್ಟೋರಿನಲ್ಲಿ ಸ್ಟೇರಿಂಗ್ ಇರುವುದಿಲ್ಲ. ಏಳನೆಯ ವಯಸ್ಸಿನಲ್ಲಿ ಊಟದ ತಟ್ಟೆಯನ್ನು ತಿರುಗಿಸುತ್ತಾ ಓಡಿದಂದಿನಿಂದ ಅವರು ಬಯಸಿದ್ದು ಅದೊಂದನ್ನೇ.

ಪುಣ್ಯಕ್ಕೆ ಮಂಡಿ ಕೆಟ್ಟಿತು.

“ದಿನಾ ಹನ್ನೊಂದು ಕಿಲೋಮೀಟರ್ ಯಾಕ್ರೀ ನಡೀತೀರಿ? ಆ ಕಡೆ ಬಸ್ ಇಲ್ವಾ?” ಮೂಳೆ ವೈದ್ಯರು ಕೇಳಿದರು.

“ಆ ಬಸ್ಸಿನ ಡ್ರೈವರ್ರೇ ನಾನು ಸಾರ್.”

ವೈದ್ಯರು ಲೇಖನಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಅನಂತರ ಮೇಲಿನ ಮಹಡಿಯ ಮನೋವೈದ್ಯೆಗೆ ಚೀಟಿ ಬರೆದರು. “ಮಂಡಿ ನೋವಿಗೆ ತಲೆ ಡಾಕ್ಟರಾ?” ಎಂದು ಹೆಂಡತಿ ಮೆಟ್ಟಿಲುದ್ದಕ್ಕೂ ಗೊಣಗಿದರು.

“ಇದಕ್ಕೆ ಗೀಳು ಕಾಯಿಲೆ ಅಂತಾರೆ,” ಎಂದರು ಮನೋವೈದ್ಯೆ.

“ಅದು ಕೈ ತೊಳೆಯೋರಿಗೆ ಬರೋದಲ್ವಾ ಮೇಡಂ? ನೋಡಿ, ನನ್ನ ಕೈ ತುಂಬಾ ಗ್ರೀಸು.”

“ಕೆಲವರು ಕೈ ತೊಳೀತಾರೆ. ನೀವು ರೋಡು ತೊಳೀತಿದೀರಿ. ಬೇಡದ ಯೋಚನೆ ಎಲ್ಲರಿಗೂ ಬರುತ್ತೆ. ಅದು ಬೀದಿ ನಾಯಿ ಇದ್ದ ಹಾಗೆ. ನೀವು ದಿನಾ ನಡೆದು ಹೋಗಿ ಊಟ ಹಾಕ್ತಿದೀರಿ, ಅದಕ್ಕೇ ಬಾಗಿಲು ಬಿಡ್ತಿಲ್ಲ.”

ಮಾತ್ರೆ ಬರೆದರು, ಅದರ ಗುಣ ಕಾಣಲು ಕೆಲವು ವಾರ ಬೇಕೆಂದೂ ಎಚ್ಚರಿಸಿದರು. ಇನ್ನೊಂದು ಭಾಗ ಅಭ್ಯಾಸದ್ದು. ಮೊದಲ ಮೂರು ವಾರ ರಜೆ. ಪ್ರಯಾಣಿಕರಾಗಿ ಅದೇ ಬಸ್ಸಿನಲ್ಲಿ ಕೂತು, ಕುಲುಕಿದಾಗಲೆಲ್ಲ ಹಿಂದೆ ನೋಡದಿರುವುದು. ನಡಿಗೆಯನ್ನು ಮೊದಲು ಅರ್ಧಕ್ಕೆ, ಆಮೇಲೆ ಮೂರು ಹಂಪಿಗೆ, ಕೊನೆಗೆ ಸೊನ್ನೆಗೆ ಇಳಿಸುವುದು. ಕನ್ನಡಿ ನೋಡುವುದು ಚಾಲನೆಗೆ ಬೇಕಾದಷ್ಟೇ. ಪ್ರಶಸ್ತಿಪತ್ರದ ನಕಲು ಮನೋವೈದ್ಯೆಯ ಮೇಜಿನ ಖಾನೆಗೆ. ಮನೆಯವರು ಹೇಳಬೇಕಾದ ಉತ್ತರ ಒಂದೇ: “ಗೊತ್ತಿಲ್ಲ.”

“ಇಷ್ಟು ವರ್ಷ ನಾನು ಗೊತ್ತಿಲ್ಲ ಅಂದ್ರೆ ಜಗಳ ಆಗ್ತಿತ್ತು,” ಎಂದು ಆಕೆ ಇಂದಿಗೂ ನಗುತ್ತಾರೆ. “ಈಗ ನೋಡಿ, ಅದೇ ಔಷಧಿಯಂತೆ!”

ಹೇಳಿದಷ್ಟು ಸುಲಭವಾಗಿರಲಿಲ್ಲ. ಐದನೆಯ ವಾರ ಅವರು ಮಾತ್ರೆಯ ಡಬ್ಬಿಯನ್ನು ಗೋಡೆಗೆ ಎಸೆದರು. ಆರನೆಯ ವಾರ ಹೆಂಡತಿಗೆ ಹೇಳದೆ ಕದ್ದು ನಡೆದರು. ಹತ್ತನೆಯ ವಾರ, ಮತ್ತೆ ಸ್ಟೇರಿಂಗ್ ಹಿಡಿದಿದ್ದಾಗ, ಶಾಲೆಯ ಮುಂದಿನ ಹಂಪು ದಾಟುತ್ತಿದ್ದಂತೆ ಹಿಂದಿನಿಂದ ‘ಧಡ್’ ಎಂಬ ಸದ್ದು ಕೇಳಿತು.

“ಏನೋ ಅದು?”

ಕಂಡಕ್ಟರ್ ತಿರುಗಿ ನೋಡಿದರು, ನಕ್ಕರು. ಮನೋವೈದ್ಯೆ ಅವರಿಗೂ ಪಾಠ ಹೇಳಿದ್ದರು. “ರೈಟ್, ಅಣ್ಣಾ, ರೈಟ್!” ಎಂದರು, ಅಷ್ಟೇ.

ಕಾಲು ಬ್ರೇಕಿನ ಮೇಲಿತ್ತು. ಒತ್ತಲಿಲ್ಲ. ನಾಲ್ಕು ನಿಲ್ದಾಣದವರೆಗೆ ಎದೆ ಡವಗುಟ್ಟಿತು. ಐದನೆಯದರಲ್ಲಿ, ಕಾರಣವಿಲ್ಲದೆ, ತಾನೇ ತಣ್ಣಗಾಯಿತು. ಎರಡು ಗಂಟೆಗೆ ಡಿಪೋದ ಗೇಟು. ಎಡಕ್ಕೆ ಹನ್ನೊಂದು ಕಿಲೋಮೀಟರು, ಬಲಕ್ಕೆ ಮನೆ. ಬಲಕ್ಕೆ ತಿರುಗಿದರು.

“ಏನ್ರೀ ಇಷ್ಟು ಬೇಗ? ಅಡುಗೇನೇ ಆಗಿಲ್ಲ.”

“ಶಾಲೆ ಹತ್ರ ಒಂದು ಸದ್ದಾಯ್ತು ಕಣೇ. ಯಾರಿಗೂ ಏನೂ ಆಗಿಲ್ಲ ಅಲ್ವಾ?”

‘ಇಲ್ಲ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತಂತೆ. “ಗೊತ್ತಿಲ್ಲ. ಕೈ ತೊಳ್ಕೊಂಡು ಬನ್ನಿ,” ಎಂದವರು ತಡೆದು ಸೇರಿಸಿದರು: “ಒಂದೇ ಸಲ.”

ಗಡುವು ಮುಗಿದ ದಿನ ಟೈರ್ ಸ್ಟೋರಿಗೆ ಬೇರೊಬ್ಬರನ್ನು ಹಾಕಿದರು. ಗುಂಡಿಯೋ ಮನುಷ್ಯನೋ ಎಂಬ ಆ ಪ್ರಶ್ನೆ ಈಗಲೂ ತಮ್ಮ ಬಸ್ಸು ಹತ್ತುತ್ತದೆ ಎನ್ನುತ್ತಾರೆ ಕನ್ನಡಿಯಣ್ಣ. “ಇಳಿಸೋಕೆ ಹೋಗಲ್ಲ. ಸೀಟೂ ಕೊಡಲ್ಲ. ನಿಂತ್ಕೊಂಡು ಬರಲಿ.”

ಅಂದು ಶಾಲೆಯ ಮುಂದೆ ‘ಧಡ್’ ಎಂದದ್ದು ಏನೆಂದು ಅವರು ಇಂದಿನವರೆಗೆ ಕೇಳಿಲ್ಲ. ಕಂಡಕ್ಟರ್ ನನಗೆ ಹೇಳಿದ್ದಾರೆ. ಆದರೆ ಈ ಬರಹವನ್ನು ಕನ್ನಡಿಯಣ್ಣನವರೂ ಓದುವರಾದ್ದರಿಂದ ಅದನ್ನಿಲ್ಲಿ ದಾಖಲಿಸುವಂತಿಲ್ಲ.